ಬಿರುಬೇಸಿಗೆಯಲ್ಲಿ ಕಂಬಳಿ ಹೊದ್ದವಳು

ನನ್ನ ತಂಗಿಯ ಮೊಮ್ಮಗಳು ನರ್ಸ್ ತರಬೇತಿ ಮುಗಿಸಿ ಕೆಲಸಕ್ಕೆ ಹೊರಟಿದ್ದಾಳೆ. ಹೋಗುವ ಮುಂಚೆ ಬಂದು ಕಾಲಿಗೆ ಬಿದ್ದು, "ಆಯಿ, ನಿನ್ನ ನೌಕರಿ ಹೆಂಗಿತ್ತು ಹೇಳು, ಖರೇ ಖರೇ ಹೇಳಬೇಕು ನೋಡು" ಅಂದಳು. ಖರೆ ಹೇಳು ಎಂದದ್ದಕ್ಕೆ ಕಷ್ಟವಾಯಿತು. ಹಿಡಿದ ಕೂಸುಗಳ ಮಾತು, ಊರವರು ಉಡಿ ತುಂಬಿದ ಮಾತು ಎಷ್ಟು ಬೇಕಾದರೂ ಹೇಳಬಹುದು. ಆದರೆ ಕಣ್ಣು ಮುಚ್ಚಿ ಆ ವರ್ಷಗಳನ್ನು ನೆನೆದರೆ ಮೊದಲು ಬರುವುದು ನಾಚಿಕೆ. ಅದನ್ನು ಬಿಟ್ಟು ಬರೆದರೆ ಅವಳಿಗೆ ಉಪಯೋಗವಿಲ್ಲ. ಹಾಗಾಗಿ ಅದನ್ನೇ ಬರೆಯುತ್ತೇನೆ.

ನನ್ನ ಮೊದಲ ನೇಮಕ ಬಿಜಾಪುರ ಜಿಲ್ಲೆಯ ಇಂಡಿಯಲ್ಲಿ. ಹೆರಿಗೆ ಮಾಡಿಸುವ ನರ್ಸಬಾಯಿ ಎಂದರೆ ಜನ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸುತ್ತಿದ್ದ ಕಾಲ. ನಾನು ಗಟ್ಟಿಗಿತ್ತಿ, ನಡಿಗೆ ಜೋರು. ಝಳಕಿಯ ಹಾದಿಯಲ್ಲಿ ಸೋಲಾಪುರದ ಲಾರಿಗಳಿಗೆ ಕೈಮಾಡಿ ಹತ್ತಿ ಹಳ್ಳಿಗಳಿಗೆ ಹೋಗಿಬರುತ್ತಿದ್ದೆ. ಕೈಯಲ್ಲಿ ಚರ್ಮದ ಪೆಟ್ಟಿಗೆ, ಅದರೊಳಗೆ ಕತ್ತರಿ, ದಾರ, ಡೆಟಾಲು. ಒಂದು ಮನೆಯಲ್ಲಿ "ಕುದಿಯೂ ನೀರ ತರ್ರಿ" ಎಂದೆ. ತಂದರು. ಗಡಿಬಿಡಿಯಲ್ಲಿ ನೋಡದೆ ಕತ್ತರಿಯನ್ನು ಅದರೊಳಗೆ ಹಾಕಿದೆ. ಹೊರತೆಗೆದರೆ ಕೆಂಪಗೆ ಅಂಟಂಟು. ಮನೆಯ ಮುದುಕಿ ಗಾಬರಿಯಾಗಿ, "ಅಯ್ಯ, ಚಾ ಮಾಡಿ ತಂದಿದ್ನೆಲ್ಲವಾ! ದೂರಿಂದ ಬಂದಾಕಿಗೆ ಬರೇ ನೀರ ಹೆಂಗ ಕೊಡೂದು?" ಎಂದಳು. ಬಸುರಿ ನೋವಿನಲ್ಲೂ ನಕ್ಕಳು. ಅಂಥ ತಪ್ಪುಗಳೆಲ್ಲ ನಗುವಂಥವು. ನಗಲಾರದ ಕಥೆ ಮುದ್ದೇಬಿಹಾಳದಿಂದ ಶುರುವಾಗುತ್ತದೆ.

ಮದುವೆಯಾಗಿ, ನಮ್ಮವರಿಗೆ ಮುದ್ದೇಬಿಹಾಳದಲ್ಲಿ ಮಾಸ್ತರಿಕೆ ಇದ್ದುದರಿಂದ ನಾನೂ ಅಲ್ಲಿಗೆ ವರ್ಗ ಮಾಡಿಸಿಕೊಂಡೆ. ನನ್ನ ಮಗ ಹುಟ್ಟಿದ್ದು ಅಲ್ಲೇ, ಬಾಡಿಗೆ ಮನೆಯ ನಡುಮನೆಯಲ್ಲಿ. ಹೆರಿಗೆ ಸಲೀಸಾಗಿಯೇ ಆಯಿತು, ಆದರೆ ಕಸ, ಅಂದರೆ ಮಾಸು, ಬೀಳಲಿಲ್ಲ. ನನ್ನ ಜೊತೆಯ ನರ್ಸ್ ಕಲಿತದ್ದನ್ನೆಲ್ಲ ಸರಿಯಾಗಿಯೇ ಮಾಡಿದಳು. ಆದರೂ ರಕ್ತ ನಿಲ್ಲಲಿಲ್ಲ. ಗೋಣಿತಾಟು ತೊಯ್ದು ಹಾಸುಗಲ್ಲಿನ ಮೇಲೆ ಹರಿಯಿತು. ಎಷ್ಟೋ ಬಾಣಂತಿಯರ ಕೈ ಹಿಡಿದು "ಅಂಜಬ್ಯಾಡವಾ" ಎಂದಿದ್ದ ನನಗೆ, ಕಿವಿಯಲ್ಲಿ ಗುಂಯ್ ಎಂಬ ಸದ್ದು ಬರುವುದು ಎಂದರೇನೆಂದು ಅವತ್ತು ತಿಳಿಯಿತು. ಹೇಗೋ ಬದುಕಿದೆ.

ಬದುಕಿದೆ, ಆದರೆ ಎದೆಯಲ್ಲಿ ಹಾಲು ಬರಲಿಲ್ಲ. ಒಂದು ಹನಿಯೂ ಇಲ್ಲ. ಅತ್ತೆ ಮೆಂತ್ಯ, ಅಳ್ವಿ, ಸಬ್ಬಸಿಗೆ ಎಲ್ಲ ತಿನ್ನಿಸಿ ಸೋತರು. ಕೂಸು ಅತ್ತು ಅತ್ತು ಧ್ವನಿ ಕಟ್ಟಿತು. ಪಕ್ಕದ ಮನೆಯಲ್ಲಿ ದರ್ಜಿಯ ಹೆಂಡತಿ ಹಾಜರಾಬಿ ಇದ್ದಳು, ಅವಳಿಗೂ ಎಳೆಯ ಮಗಳು. ಒಂದು ಮುಂಜಾನೆ ಯಾರನ್ನೂ ಕೇಳದೆ ಒಳಗೆ ಬಂದು ಕೂಸನ್ನು ಎತ್ತಿಕೊಂಡು ಸೆರಗಿನೊಳಗೆ ಹಾಕಿಕೊಂಡಳು. ಮಡಿಯವರಾದ ನಮ್ಮತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಹಾಜರಾಬಿ ತಲೆಯೆತ್ತದೆ, "ಬೈಯೂದ ಇದ್ರ ಇಂವಾ ಕುಡದ ಮ್ಯಾಲ ಬೈರಿ, ಆಯಿ" ಎಂದಳು. ಅತ್ತೆ ಬೈಯಲಿಲ್ಲ. ಆ ವರ್ಷವೆಲ್ಲ ನನ್ನ ಮಗ ಬೆಳೆದದ್ದು ಆ ತಾಯಿಯ ಹಾಲಿನಲ್ಲಿ. ಹೆರಿಗೆ ಮಾಡಿಸುವವಳಿಗೆ ತನ್ನ ಕೂಸಿಗೇ ಹಾಲಿಲ್ಲ ಎಂಬುದು ನನ್ನ ಮೊದಲ ನಾಚಿಕೆ.

ಆಮೇಲೆ ನಾನು ಮೆಲ್ಲಗಾಗುತ್ತ ಹೋದೆ. ಇಂಥ ದಿನ ಶುರುವಾಯಿತು ಎಂದು ಹೇಳಲಾರೆ. ಮೊದಲು ಚಳಿ. ನಮ್ಮ ಕಡೆಯ ಬೇಸಿಗೆ ಗೊತ್ತಲ್ಲ, ಹೊತ್ತೇರಿದ ಮೇಲೆ ನಾಯಿಯೂ ಹಾದಿಗಿಳಿಯುವುದಿಲ್ಲ. ಅಂಥ ಬಿಸಿಲಲ್ಲಿ ನನಗೆ ಕಂಬಳಿ ಬೇಕಾಗುತ್ತಿತ್ತು. ಮುಖ ಬಿಳಿಚಿ ಊದಿಕೊಂಡಿತು. ಹುಬ್ಬು ತೆಳ್ಳಗಾಯಿತು. ಮೈಮೇಲಿನ ಕೂದಲು ಉದುರಿತು. ಧ್ವನಿ ಗೊಗ್ಗರಾಯಿತು. ಯಾರಾದರೂ ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿರುತ್ತಿತ್ತು, ಆದರೆ ಅದು ಬಾವಿಯ ತಳದಿಂದ ಹಗ್ಗ ಹಿಡಿದು ಬರಬೇಕಾಗಿತ್ತು. ನಿದ್ದೆಯಂತೂ ಎಲ್ಲಿ ಕೂತರಲ್ಲಿ.

ಮುಟ್ಟೂ ನಿಂತಿತ್ತು. ದಿನಾ ಊರ ಹೆಂಗಸರನ್ನೆಲ್ಲ ಎಗ್ಗಿಲ್ಲದೆ "ತಿಂಗಳಾ ತಿಂಗಳಾ ಆಕ್ಕತೇನು?" ಎಂದು ಕೇಳುವವಳು ನಾನು. ನನ್ನದನ್ನು ಒಬ್ಬರಿಗೂ ಹೇಳಲಿಲ್ಲ. ಇನ್ನೊಂದು ಕೂಸಿಗಾಗಿ ಅತ್ತೆ ಹರಕೆ ಹೊತ್ತಿದ್ದರು. ಇವಳ ಮೈ ಬತ್ತಿತು ಎಂದು ಗೊತ್ತಾದರೆ ಏನು ಹೇಳುತ್ತಾರೋ ಎಂಬ ಹೆದರಿಕೆ. ನಮ್ಮದು ಮುಟ್ಟಾದವರು ಒಳಗೆ ಬರಬಾರದೆಂಬ ಮನೆ. ನಾನು ಏನು ಮಾಡಿದೆನೆಂದರೆ, ತಿಂಗಳಿಗೊಮ್ಮೆ ಸುಳ್ಳೇ ಹಿತ್ತಿಲ ಕಡೆಯ ಪಡಸಾಲೆಯಲ್ಲಿ ಕೂತೆ. ಚಾಪೆಯ ಮೇಲೆ, ಬೇರೆ ತಾಟು, ಬೇರೆ ತಂಬಿಗೆ. ಚಳಿಗಾಲದಲ್ಲಿ ಹಲ್ಲು ಕಟಕಟ ಎನ್ನುತ್ತಿದ್ದವು. ಓದಿದ ನರ್ಸು ನಾನು. ಆದರೂ ವರ್ಷಗಟ್ಟಲೆ ಹಾಗೆ ಕೂತೆ.

ಅಷ್ಟರಲ್ಲಿ ನನಗೆ ಸಿಂದಗಿ ತಾಲೂಕಿನ ಒಂದು ಊರಿನ ದವಾಖಾನೆಗೆ ವರ್ಗವಾಯಿತು. ನಮ್ಮವರೂ ಆ ಕಡೆಗೇ ವರ್ಗ ಮಾಡಿಸಿಕೊಂಡರು, ಮನೆಮಂದಿಯೆಲ್ಲ ಹೋದೆವು. ಊರಿನ ಹೆಸರು ಬೇಡ, ಅಲ್ಲಿಯವರ ಮಕ್ಕಳು ಮೊಮ್ಮಕ್ಕಳು ಇದ್ದಾರೆ. ಡಾಕ್ಟರನ್ನು ಜೋಶಿ ಎಂದು ಕರೆಯುತ್ತೇನೆ. ಒಳ್ಳೆಯ ಡಾಕ್ಟರು, ಕೈಶುದ್ಧ ಮನುಷ್ಯ. ಹಾವು ಕಚ್ಚಿತೆಂದರೆ ಉಣ್ಣುವ ತಾಟು ಬಿಟ್ಟು ಏಳುತ್ತಿದ್ದರು. ಆದರೆ ಕೆಲಸದಲ್ಲಿ ಮಂದ ಇರುವವರನ್ನು ಕಂಡರೆ ಆಗುತ್ತಿರಲಿಲ್ಲ, ನಾಲಗೆ ಚಾಕುವಿನಂತೆ. ಅವರ ಕೈಕೆಳಗೆ ನಾನು ಬಿದ್ದೆ.

ಮೇ ತಿಂಗಳ ಒಂದು ಮುಂಜಾನೆ. ಪಡಸಾಲೆ ತುಂಬ ರೋಗಿಗಳು. ನಾನು ಕಂಬಳಿ ಹೊದ್ದು ಒಬ್ಬ ಮುದುಕನ ಕಾಲಿನ ಹುಣ್ಣಿಗೆ ಪಟ್ಟಿ ಸುತ್ತುತ್ತಿದ್ದೆ. ಸುತ್ತುತ್ತ ಸುತ್ತುತ್ತ ನಿದ್ದೆ ಹೋಗಿಬಿಟ್ಟೆ. ಪಟ್ಟಿಯ ಉಂಡೆ ಕೈಯಿಂದ ಉರುಳಿ ನೆಲದ ಮೇಲೆ ಬಿಚ್ಚುತ್ತ ಹೋಯಿತು. ಕಣ್ಣು ಬಿಟ್ಟರೆ ಜೋಶಿ ಡಾಕ್ಟರು ಎದುರಿಗೆ ನಿಂತಿದ್ದಾರೆ.

"ಸುಶೀಲಾಬಾಯಿ, ಗಾದಿ ಹಾಕಿ ಕೊಡಲೇನು? ಕಂಬಳಿ ಅಂತೂ ಮನಿಯಿಂದ ತಂದೀರಿ. ಸರಕಾರ ನಿಮಗ ಮಲಗಲಿಕ್ಕೆ ಪಗಾರ ಕೊಡತದ, ಹೌದಲ್ಲೋ?"

ಎಲ್ಲರೂ ನಕ್ಕರು. ಕಾಲು ಚಾಚಿ ಕೂತಿದ್ದ ಮುದುಕನೂ ನಕ್ಕ. ನಾನೂ ನಕ್ಕೆ. ಇವತ್ತಿಗೂ ಮೈ ಜುಂ ಎನ್ನುವುದು ಅವರ ಮಾತಿಗಲ್ಲ, ನನ್ನ ಆ ನಗೆಗೆ. ಅವರು ಹೇಳಿದ್ದೆಲ್ಲ ನಿಜ ಎಂದೇ ನಾನು ನಂಬಿದ್ದೆ. ನಾನು ಮೈಗಳ್ಳಿ, ನನ್ನಲ್ಲಿ ಕಸುವಿಲ್ಲ, ಮನಸ್ಸು ಮಾಡಿದರೆ ಏಳಬಹುದು, ಮನಸ್ಸೇ ಮಾಡುತ್ತಿಲ್ಲ ಎಂದು ದಿನಾ ನನಗೆ ನಾನೇ ಬೈದುಕೊಳ್ಳುತ್ತಿದ್ದೆ.

ಆ ದಿನ ಮನೆಯಲ್ಲಿ ಅಡುಗೆಮನೆಯ ಮೂಲೆ ಹಿಡಿದು ಕೂತು ನಾನು ಅತ್ತುಬಿಟ್ಟೆ. ನಮ್ಮವರು ನೋಡಿದರು. ಅವರು ಹೆಚ್ಚು ಮಾತಿನವರಲ್ಲ. "ಸೋಲಾಪುರಕ್ಕ ಹೋಗೂಣು ನಡಿ" ಎಂದರು.

ಸೋಲಾಪುರದ ದೊಡ್ಡ ಡಾಕ್ಟರ ಮುಂದೆ ಸಾಲು ಉದ್ದವಿತ್ತು. ಅವರು ನನ್ನ ಮುಖ ನೋಡಿದರು, ನಾಡಿ ಹಿಡಿದರು, ಹೆಸರು ಹೇಳಿಸಿ ಧ್ವನಿ ಕೇಳಿದರು. "ಥೈರಾಯ್ಡ್ ಮಂದ ಆಗೇದ" ಎಂದರು. ಕುತ್ತಿಗೆಯ ಮುಂದೆ ಇರುವ ಗ್ರಂಥಿ, ಮೈಯ ಒಲೆಗೆ ಗಾಳಿ ಊದುವುದು ಅದರ ಕೆಲಸ, ಅದು ಊದುತ್ತಿಲ್ಲ. ಚೀಟಿ ಬರೆಯುತ್ತ ತಲೆ ಎತ್ತದೆ ಕೇಳಿದರು: "ಮುಟ್ಟು ಬರೋಬರಿ ಆಗತಾವೇನ್ರಿ, ಬಾಯಿ?"

ನಮ್ಮವರು ಪಕ್ಕದಲ್ಲೇ ನಿಂತಿದ್ದರು. "ಹೌದ್ರಿ" ಎಂದೆ.

ಒಂದೇ ಒಂದು ಶಬ್ದ. ಅದಕ್ಕೆ ನಾನು ಜೀವವನ್ನೇ ತೆರಬೇಕಾಗಿತ್ತು. ಅವರು ಪಶುವಿನ ಗ್ರಂಥಿ ಒಣಗಿಸಿ ಮಾಡಿದ ಗುಳಿಗೆ ಬರೆದುಕೊಟ್ಟರು. ಆಗ ಇದ್ದದ್ದು ಅದೇ.

ನನಗೆ ಆದ ಸಂತೋಷ ಹೇಳತೀರದು. ರೋಗಕ್ಕೆ ಹೆಸರಿದೆ ಎಂದರೆ ನಾನು ಮೈಗಳ್ಳಿ ಅಲ್ಲ! ಬಸ್ಸಿನಲ್ಲಿ ಪಕ್ಕ ಕೂತವಳಿಗೂ ಹೇಳಿದೆ. ದವಾಖಾನೆಯಲ್ಲಿ ಎಲ್ಲರಿಗೂ ಹೇಳಿದೆ. ಗುಳಿಗೆ ತೆಗೆದುಕೊಂಡ ಮೊದಲ ದಿನಗಳಲ್ಲಿ ಮೈ ಬಿಸಿಯಾದಂತೆಯೂ ಆಯಿತು. ಆಮೇಲೆ ಹೊಟ್ಟೆ ತೊಳಸಲು ಶುರುವಾಯಿತು. ಅನ್ನ ಒಲ್ಲೆ, ನೀರು ಒಲ್ಲೆ. ಎದ್ದು ನಿಂತರೆ ನೆಲ ಮೇಲೆ ಬರುತ್ತಿತ್ತು. ಒಂದು ದಿನ ಅದೇ ಪಡಸಾಲೆಯಲ್ಲಿ, ಅಷ್ಟೇ ಜನರ ನಡುವೆ, ವಾಂತಿ ಮಾಡಿಕೊಂಡು ಕುಸಿದೆ. "ನರ್ಸಬಾಯಿ ಬಸರದಾಳಂತ" ಎಂದು ಯಾರೋ ಅಂದದ್ದು ಕಿವಿಗೆ ಬಿತ್ತು. ಆಮೇಲೆ ಏನೂ ಗೊತ್ತಿಲ್ಲ.

ಎಚ್ಚರಾದಾಗ ತೋಳಿನಲ್ಲಿ ಸಲೈನ್ ಸೂಜಿ. ಪಕ್ಕದಲ್ಲಿ ಸ್ಟೂಲಿನ ಮೇಲೆ ಜೋಶಿ ಡಾಕ್ಟರು. ಅಂಗಿಯ ತುಂಬ ಬೆವರು. ಉಪ್ಪುನೀರು, ಗ್ಲುಕೋಸು ಹಾಕಿ, ನಾಡಿ ಬಿಡದೆ ಹಿಡಿದು ಅವರೇ ನನ್ನನ್ನು ಉಳಿಸಿದ್ದರು. "ಆ ಗುಳಿಗಿ ಇನ್ನ ಮುಟ್ಟಬ್ಯಾಡ್ರಿ. ನಿಮ್ಮ ಪ್ರಕೃತಿಗೆ ಒಗ್ಗಂಗಿಲ್ಲ" ಎಂದರು. ಏಕೆ ಒಗ್ಗಲಿಲ್ಲ ಎಂದು ಅವರಿಗೂ ತಿಳಿದಿರಲಿಲ್ಲ. ಸ್ವಲ್ಪ ಸುಧಾರಿಸಿದ ಮೇಲೆ ಮೇಲಿನವರಿಗೆ ಹೇಳಿ ನನ್ನನ್ನು ಬಸವನ ಬಾಗೇವಾಡಿಗೆ ವರ್ಗ ಮಾಡಿಸಿದರು. "ಇಲ್ಲಿ ಕೆಲಸ ಭಾಳ ಅದ, ನಿಮ್ಮ ಕೈಲೆ ಆಗೂದಿಲ್ಲ" ಎಂದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಹೆಚ್ಚು ನೋವಾಯಿತು. ಮನೆಮಂದಿಯೆಲ್ಲ ಗಂಟುಮೂಟೆ ಕಟ್ಟಿಕೊಂಡು ಹೊರಟಾಗ ಊರವರು ಕಳಿಸಲು ಬರಲಿಲ್ಲ.

ರಾಜ್ಯ ಒಂದಾದ ಮೇಲೆ ಮೈಸೂರು ಸೀಮೆಯ ನೌಕರರು ನಮ್ಮ ಕಡೆಗೆ ಬರತೊಡಗಿದ್ದರು. ಬಾಗೇವಾಡಿಯಲ್ಲಿ ಹಾಗೆ ಬಂದ ಒಬ್ಬ ಹುಡುಗ ಡಾಕ್ಟರು ಇದ್ದರು, ನಂಜುಂಡಯ್ಯ ಎಂದು. ಅವರ ಮೆತ್ತನೆಯ ಮಾತು ಕೇಳಿ ಜನ ಮೊದಮೊದಲು, "ಈ ಡಾಕ್ಟರಿಗೇ ಮೈಯಾಗ ಆರಾಮಿಲ್ಲೇನ್ರಿ?" ಎಂದು ನನ್ನನ್ನು ಕೇಳುತ್ತಿದ್ದರು. ಅವರು ಒಂದು ವಾರ ನನ್ನನ್ನು ಸುಮ್ಮನೆ ನೋಡಿದರು. ಆಮೇಲೆ, "ಸುಶೀಲಾಬಾಯಿ, ನಾಳೆ ನಿಮ್ಮೆಜಮಾನರನ್ನ ಕರ್ಕೊಂಡು ರೋಗಿಯಾಗಿ ಬನ್ನಿ, ನರ್ಸಾಗಿ ಬೇಡ" ಎಂದರು.

ಹಾಜರಾಬಿ ಆಗ ನನ್ನ ಮಗನನ್ನು ನೋಡಲು ಮುದ್ದೇಬಿಹಾಳದಿಂದ ಬಂದಿದ್ದಳು. "ನಾನೂ ಬರ್ತೇನಿ" ಎಂದು ಬುರ್ಖಾ ಹಾಕಿಕೊಂಡು ಹೊರಟೇಬಿಟ್ಟಳು.

ಡಾಕ್ಟರು ನನ್ನನ್ನು ಮಂಡಿಯೂರಿ ಕೂರಿಸಿ ಹಿಮ್ಮಡಿಯ ನರಕ್ಕೆ ಸಣ್ಣ ಸುತ್ತಿಗೆಯಿಂದ ತಟ್ಟಿದರು. ಪಾದ ಜಿಗಿಯಿತು, ಆದರೆ ತಿರುಗಿ ಬರುವಾಗ ಮೆಲ್ಲಗೆ, ತೂಕಡಿಸುತ್ತ ಬಂತು. ಕುತ್ತಿಗೆ ಮುಟ್ಟಿ ನೋಡಿದರು. "ಗ್ರಂಥಿ ಊದಿಲ್ಲ, ಗಂಟಿಲ್ಲ. ಮಂದ ಆಗಿರೋದು ನಿಜ. ಆದರೆ ಯಾಕೆ ಮಂದ ಆಯ್ತು? ಸೋಲಾಪುರದಲ್ಲಿ ಅದನ್ನ ಹೇಳಿದ್ರಾ?"

"ಇಲ್ರಿ."

"ಮುಟ್ಟು ಸರಿಯಾಗಿ ಆಗುತ್ತಾ?"

ಮತ್ತೆ ಅದೇ ಪ್ರಶ್ನೆ. ನಮ್ಮವರು ಗೋಡೆ ನೋಡುತ್ತ ನಿಂತಿದ್ದಾರೆ. ನಾನು ಮತ್ತೆ "ಹೌದ್ರಿ" ಎಂದೆ. ಸಾವಿನ ಬಾಗಿಲಿಗೆ ಹೋಗಿ ಬಂದ ಮೇಲೂ ಹಾಗೆಂದೆ. ಇದನ್ನು ಬರೆಯಲು ಬಹಳ ಹೊತ್ತು ಬೇಕಾಯಿತು.

"ಹೆರಿಗೆಯಲ್ಲಿ ಏನಾದರೂ ತೊಂದರೆ?"

ನಾನು ಬಾಯಿ ತೆರೆಯುವುದರೊಳಗೆ ಹಾಜರಾಬಿ ಮುಂದೆ ಬಂದಳು. "ಏನ್ ಕೇಳತೀರಿ ಸಾಹೇಬ್ರ! ರಕ್ತದಾಗ ತೇಲಿದ್ಳು ನಮ್ಮ ಸುಶೀಲಕ್ಕ. ಬದಕತಾಳಂತ ಯಾರೂ ಅಂದಿದ್ದಿಲ್ಲ. ಒಂದ ಹನಿ ಹಾಲ ಬರಲಿಲ್ರಿ. ಆಕಿ ಮಗನ್ನ ನಾ ಕುಡಿಸಿ ಬೆಳಸೇನಿ, ಇಲ್ಲೇ ಅದಾನ, ಬೇಕಂದ್ರ ಕೇಳ್ರಿ!"

ಡಾಕ್ಟರು ಸುತ್ತಿಗೆ ಮೇಜಿನ ಮೇಲಿಟ್ಟರು. "ಒಂದು ಹನೀನೂ ಬರಲಿಲ್ವಾ?" ಎಂದು ನನ್ನನ್ನು ಕೇಳಿದರು. ನಾನು ತಲೆ ಅಲ್ಲಾಡಿಸಿದೆ. ಅವರು ನಮ್ಮವರ ಕಡೆ ತಿರುಗಿ, "ಮೇಷ್ಟ್ರೇ, ಸ್ವಲ್ಪ ಹೊರಗೆ ಕೂತಿರ್ತೀರಾ?" ಎಂದರು. ಬಾಗಿಲು ಮುಚ್ಚಿದ ಮೇಲೆ ಮೂರನೆಯ ಸಲ ಕೇಳಿದರು. ಆಗ ಹೇಳಿದೆ. ಪಡಸಾಲೆ, ಚಾಪೆ, ಬೇರೆ ತಾಟು ಎಲ್ಲವನ್ನೂ ಹೇಳಿದೆ. ಹಾಜರಾಬಿ ಕೇಳುತ್ತ ಕೇಳುತ್ತ ಅಳತೊಡಗಿದಳು.

ಅವರು ವಿವರಿಸಿದ್ದು ಹೀಗೆ. ತಲೆಯ ಒಳಗೆ, ಮಿದುಳಿನ ಬುಡದಲ್ಲಿ, ಕಡಲೆಕಾಳಿನಷ್ಟು ಇನ್ನೊಂದು ಗ್ರಂಥಿಯಿದೆ. ಬಸುರಿನಲ್ಲಿ ಅದು ಬೆಳೆದಿರುತ್ತದೆ, ರಕ್ತ ಹೆಚ್ಚು ಬೇಡುತ್ತದೆ. ಹೆರಿಗೆಯಲ್ಲಿ ಮಿತಿಮೀರಿ ರಕ್ತ ಹೋದರೆ ಅದು ಬತ್ತಿಹೋಗುತ್ತದೆ. ಹಾಲಿಗೆ, ಮುಟ್ಟಿಗೆ, ಕುತ್ತಿಗೆಯ ಗ್ರಂಥಿಗೆ ಎಲ್ಲಕ್ಕೂ ಅಪ್ಪಣೆ ಹೋಗುವುದು ಅಲ್ಲಿಂದ. "ಅಮಲ್ದಾರರ ಹುಕುಂ ಬರದೆ ಶ್ಯಾನುಭೋಗ ಕೆಲಸ ಮಾಡ್ತಾನಾ? ಹಾಗೆ" ಎಂದರು. ಹಾಜರಾಬಿ ನನ್ನ ಮುಖ ನೋಡಿದಳು. "ಮಾಮಲೇದಾರರು, ತಲಾಠಿ" ಎಂದು ನಮ್ಮ ಕಡೆಯ ಮಾತಿಗೆ ತಿರುಗಿಸಿದೆ. "ಹಾಂ, ಹಂಗ ಹೇಳ್ರಿ ಮತ್ತ!" ಎಂದಳು.

ಮೂತ್ರಪಿಂಡದ ಮೇಲಿನ ಗ್ರಂಥಿಗೂ ಅಪ್ಪಣೆ ಅಲ್ಲಿಂದಲೇ. ಮೈಗೆ ತ್ರಾಣ ಕೊಡುವುದು ಅದು. ಅದೂ ಬತ್ತಿರುವಾಗ ಬರೀ ಥೈರಾಯ್ಡ್ ಗುಳಿಗೆ ಕೊಟ್ಟದ್ದು ಎಣ್ಣೆ ತೀರಿದ ದೀಪದ ಬತ್ತಿ ಏರಿಸಿದಂತಾಗಿತ್ತು. "ಸೋಲಾಪುರದವರು ಹೇಳಿದ್ದು ಸುಳ್ಳಲ್ಲ, ಅರ್ಧ. ನೀವೂ ಅವರಿಗೆ ಇನ್ನರ್ಧ ಕೊಡಲಿಲ್ಲ" ಎಂದರು. ಬೈಯಲಿಲ್ಲ. ಮೊದಲು ಕಾರ್ಟಿಸೋನ್ ಗುಳಿಗೆ ಕೊಟ್ಟು, ಅದು ಮೈಹಿಡಿದ ಮೇಲೆ ಥೈರಾಯ್ಡ್ ಗುಳಿಗೆ ಕಾಲುಭಾಗ, ಆಮೇಲೆ ಅರ್ಧ. ಬಿಜಾಪುರದಲ್ಲಿ ಸಿಗದಿದ್ದಾಗ ಹುಬ್ಬಳ್ಳಿಯಿಂದ ತರಿಸಿಕೊಟ್ಟರು.

ಆ ಸಂಜೆ ಅತ್ತೆಗೆ ಹಾಜರಾಬಿಯೇ ಎಲ್ಲ ಹೇಳಿಬಿಟ್ಟಳು. ಅತ್ತೆ ಬಂದು ನನ್ನ ಎದುರು ಕೂತರು. "ಹುಚ್ಚಿ, ಆ ಥಂಡ್ಯಾಗ ಹೊರಗ ಕುಂತೀ? ಬರೇ ನನ್ನ ಅಂಜಿಕೀಗೆ?" ಎಂದು ಸೆರಗಿನಿಂದ ಮುಖ ಮುಚ್ಚಿಕೊಂಡರು. ಅವರಿಗೂ ನಾಚಿಕೆಯಾಗಿತ್ತು. ನಾಚಿಕೆ ಮನೆಯಲ್ಲಿ ಒಬ್ಬರ ಮೈಯಿಂದ ಇನ್ನೊಬ್ಬರ ಮೈಗೆ ಹೋಗುತ್ತದೆ, ತುರಿಕಜ್ಜಿಯಂತೆ.

ಆ ಬೇಸಿಗೆಯ ಒಂದು ಮಧ್ಯಾಹ್ನ ನನ್ನ ಹಣೆಯ ಮೇಲೆ ಬೆವರು ಬಂತು. ಎಷ್ಟೋ ವರ್ಷಗಳ ಮೇಲೆ. ಕೈಯಿಂದ ಒರೆಸಿ, ನೋಡಿ, ಮಗನನ್ನು ಕರೆದು ತೋರಿಸಿದೆ. ಅವನಿಗೆ ಇದರಲ್ಲಿ ನೋಡುವುದೇನೆಂದು ತಿಳಿಯಲಿಲ್ಲ. ಮುಟ್ಟು ತಿರುಗಿ ಬರಲಿಲ್ಲ, ಇನ್ನೊಂದು ಕೂಸೂ ಆಗಲಿಲ್ಲ. ಗುಳಿಗೆಗಳು ಇವತ್ತಿಗೂ ಇವೆ.

ಈಗ ರಕ್ತ ತೆಗೆದು ಕೊಟ್ಟರೆ ಮಾರನೆಯ ದಿನ ಕಾಗದ ಬರುತ್ತದೆ. ಆಗ ನಮಗಿದ್ದದ್ದು ಕಣ್ಣು, ಬೆರಳು ಮತ್ತು ಪ್ರಶ್ನೆ. ನಂಜುಂಡಯ್ಯನವರು ನನಗೆ ಪ್ರಶ್ನೆ ಕೇಳುವುದನ್ನು ಕಲಿಸಿದರು. ಕುತ್ತಿಗೆಯ ಗ್ರಂಥಿ ತನ್ನಷ್ಟಕ್ಕೆ ತಾನೇ ಸುಕ್ಕಿಹೋಗಿರಬಹುದು, ಮೈಯೇ ಅದರ ಮೇಲೆ ವೈರ ಸಾಧಿಸಿದಂತೆ. ಗಳಗಂಡ ಎಂದು ಕೊಯ್ದು ತೆಗೆದಿರಬಹುದು, ಆ ಕಲೆ ಹಾರದ ಕೆಳಗೆ ಅಡಗಿರುತ್ತದೆ, ಹಾರ ಸರಿಸಿ ನೋಡಬೇಕು. ಹುಟ್ಟುತ್ತಲೇ ಇಲ್ಲದಿರಬಹುದು, ಅಳದ, ಹಾಲು ಚೀಪದ ಕೂಸನ್ನು "ಭಾಳ ಶಾಣ್ಯಾ ಕೂಸು" ಎಂದು ಹೊಗಳುವ ಮನೆಯಲ್ಲಿ ಎಚ್ಚರವಾಗಿರಬೇಕು. ನೀರಿನಲ್ಲಿ, ನೆಲದಲ್ಲಿ ಅಯೋಡಿನ್ ಇಲ್ಲದ ಸೀಮೆಗಳಿವೆ. ಇದನ್ನೆಲ್ಲ ಕೇಳಿದರೂ ನನಗೆ ಮಾತ್ರ ನನ್ನ ರೋಗವೇ ಎಲ್ಲರಲ್ಲೂ ಕಾಣುತ್ತಿತ್ತು. ಹೂವಿನ ಹಿಪ್ಪರಗಿಗೆ ಸಿಡುಬು ಬಾರದಂತೆ ದೇವಿ ಚುಚ್ಚಲು ಹೋದಾಗ ಯಾವಳಾದರೂ ತೂಕಡಿಸುತ್ತಿದ್ದರೆ ಸಾಕು, "ಹಾಲ ಬಂದಿತ್ತೇನವಾ?" ಎನ್ನುತ್ತಿದ್ದೆ.

ಹಾಗೆ ಸಿಕ್ಕವಳು ನಿಂಗವ್ವ. ಸಿಂದಗಿ ಕಡೆಯ ದೇವರ ಹಿಪ್ಪರಗಿಯವಳು, ಬಾಗೇವಾಡಿಯ ಮಗಳ ಮನೆಗೆ ಬಂದಿದ್ದಳು. ಊದಿದ ಮುಖ, ಗೊಗ್ಗರು ಧ್ವನಿ, ಮೈತುಂಬ ಹೊದಿಕೆ. ನಾನು ಡಾಕ್ಟರ ಮುಂದೆ ಅವಳನ್ನು ಕೂರಿಸಿ, ನನಗೆಲ್ಲ ಗೊತ್ತೆಂಬಂತೆ ಕೇಳಿದೆ: "ಕಡೀ ಹಡದಾಗ ರಕ್ತ ಭಾಳ ಹೋಗಿತ್ತಲ್ಲ? ಹಾಲ ಬರಲಿಲ್ಲಲ್ಲ?"

"ಹಾಲಿಂದೇನ್ ಕೇಳತೀರಿ ಬಾಯಾರ, ನನ್ನ ಮಕ್ಕಳು ಕುಡದು ಓಣ್ಯಾಗಿನ ತಬ್ಬಲಿ ಕೂಸಿಗೂ ಕುಡಿಸೇನಿ!"

ಡಾಕ್ಟರು ನಕ್ಕರು. "ಎಲ್ಲರದೂ ನಿಮ್ಮ ಕಾಯಿಲೆ ಅಲ್ಲ, ಸುಶೀಲಾಬಾಯಿ" ಎಂದು ಅವಳ ಹೊದಿಕೆ ಸರಿಸಿದರು. ಕುತ್ತಿಗೆಯ ಮುಂದೆ ಗ್ರಂಥಿ ಮೆತ್ತಗೆ ಊದಿಕೊಂಡಿತ್ತು. "ಬೇರೆ ಏನಾದ್ರೂ ಔಷಧಿ ಕುಡೀತೀರಾ ತಾಯಿ?"

ಅವಳು ಚೀಲದಿಂದ ಒಂದು ಬಾಟಲಿ ತೆಗೆದಳು. ಪಕ್ಕಕ್ಕೆ ಅಳತೆಯ ಕಾಗದದ ಪಟ್ಟಿ ಅಂಟಿಸಿದ, ನಾನೇ ಎಷ್ಟೋ ಸಲ ತೊಳೆದಿಟ್ಟಂಥ ಬಾಟಲಿ. "ದಮ್ಮಿನ ಔಷಧ್ರಿ. ಜೋಶಿ ಡಾಕ್ಟರದು. ಇದು ಇರಲಿಲ್ಲಂದ್ರ ನಾ ಎಂದೋ ಸತ್ತಿರತಿದ್ನಿ. ವರ್ಷಗಟ್ಟಲೆ ಕುಡದೇನಿ, ಒಂದಿನ ತಪ್ಪಿಸಿಲ್ಲ."

ಡಾಕ್ಟರು ಬೆರಳಿಗೆ ಹನಿಸಿ ನಾಲಗೆಗೆ ಇಟ್ಟರು. ಅಯೊಡೈಡ್ ಸೇರಿಸಿದ ಮಿಶ್ರಣ. ಕಫ ಕರಗಿಸಿ ಉಬ್ಬಸ ಇಳಿಸಲು ಆಗ ಎಲ್ಲ ಕಡೆ ಕೊಡುತ್ತಿದ್ದದ್ದೇ. ಕಡಿಮೆಯಾದರೆ ಗ್ರಂಥಿಗೆ ಹೇಗೆ ಕಷ್ಟವೋ ಹಾಗೆಯೇ, ದಿನಾ ಅತಿಯಾಗಿ ಹೋದರೆ ಕೆಲವರಲ್ಲಿ ಅದು ಕೆಲಸ ನಿಲ್ಲಿಸಿ ಊದಿಕೊಳ್ಳುತ್ತದೆಯಂತೆ. ಅವರು ದಮ್ಮಿಗೆ ಬೇರೆ ಗುಳಿಗೆ ಕೊಟ್ಟು ಬಾಟಲಿ ಬಿಡಿಸಿದರು. ಬೇರೆ ಯಾವ ಚಿಕಿತ್ಸೆಯೂ ಇಲ್ಲ. ಮಳೆಗಾಲ ಬರುವುದರೊಳಗೆ ನಿಂಗವ್ವನ ಕುತ್ತಿಗೆ ಇಳಿಯಿತು, ಧ್ವನಿ ಬಿಚ್ಚಿತು. ಸೊಸೆಯನ್ನು ಬೈಯುವುದು ಓಣಿಯ ತುದಿಗೂ ಕೇಳುತ್ತದೆ ಎಂದು ಮಗಳು ಹೇಳಿದಳು.

"ಜೋಶಿಯವರಿಗೆ ತಿಳಿಸಬೇಕು" ಎಂದರು ಡಾಕ್ಟರು. "ನಾ ಹೋಗ್ತೇನ್ರಿ" ಎಂದೆ.

ಯಾಕೆ ಹೋದೆ ಎಂದು ಮುಚ್ಚಿಡುವುದಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತು ಜೋಡಿಸುತ್ತ ಹೋದೆ. ಆ ಪಡಸಾಲೆಯಲ್ಲಿ, ರೋಗಿಗಳೆಲ್ಲ ಇರುವಾಗ, ಎಲ್ಲರಿಗೂ ಕೇಳುವ ಹಾಗೆ ಹೇಳಬೇಕು. ಅವರು ತಲೆ ತಗ್ಗಿಸುವುದನ್ನು ಮನಸ್ಸಿನಲ್ಲೇ ಎಷ್ಟೋ ಸಲ ನೋಡಿದೆ. ಸವಿಯಾಗಿತ್ತು.

ಪಡಸಾಲೆ ತುಂಬಿಯೇ ಇತ್ತು. ಜೋಶಿ ಡಾಕ್ಟರು ಕುರ್ಚಿಯಲ್ಲಿ ಕೂತಿದ್ದರು. ನಾನು ಬೇಗಬೇಗ ಮೆಟ್ಟಿಲು ಹತ್ತಿ ಎದುರು ನಿಂತರೂ ಅವರಿಗೆ ಗುರುತು ಸಿಗಲಿಲ್ಲ. "ಯಾರು... ಯಾರವಾ?" ಎಂದರು. ಆ ಎರಡು ಶಬ್ದಗಳ ನಡುವೆ ಬಹಳ ಹೊತ್ತಾಯಿತು. ಧ್ವನಿ ದಪ್ಪಗಾಗಿತ್ತು. ಮುಖ ಊದಿತ್ತು. ಹೊರಗೆ ಬಿಸಿಲು ಸುಡುತ್ತಿದ್ದರೂ ಉಣ್ಣೆಯ ಸ್ವೆಟರು ಹಾಕಿಕೊಂಡಿದ್ದರು. ಮೇಜಿನ ಮೇಲೆ, ಅವರ ಕೈಗೆ ಸಿಗುವಂತೆ, ಅದೇ ಪಟ್ಟಿ ಅಂಟಿಸಿದ ಬಾಟಲಿ ಅರ್ಧ ಖಾಲಿ.

ಜೋಡಿಸಿಕೊಂಡು ಬಂದ ಮಾತು ಒಂದೂ ಬಾಯಿಗೆ ಬರಲಿಲ್ಲ. "ಸುಶೀಲಾಬಾಯಿರಿ, ಸಾಹೇಬ್ರ. ಒಂದ ಮಾತೈತಿ, ಒಳಗ ಬರ್ತೀರೇನ್ರಿ?" ಎಂದೆ.

ಒಳಕೋಣೆಯಲ್ಲಿ ನಿಂಗವ್ವನ ಕಥೆ ಹೇಳಿದೆ. ಅವರು ಕೇಳುತ್ತ ನಿಂತರು. ಕಡೆಗೆ ಗೋಡೆ ಹಿಡಿದು ಸ್ಟೂಲಿನ ಮೇಲೆ ಕೂತರು. "ದಮ್ಮು ನನಗ ಹೋದ ವರ್ಷ ಶುರು ಆತು" ಎಂದರು. "ನನ್ನ ಔಷಧ ನಾನ ಕುಡದೆ. ಕೆಲಸಾ ಆಗವಲ್ದು, ಬಾಯಾರ. ರೋಗಿ ಹೇಳಲಿಕ್ಕತ್ತಿರತಾನ, ನನಗ ನಿದ್ದಿ ಬರತದ. ವಯಸ್ಸಾತು, ಬುದ್ಧಿ ಹೋತು ಅಂದುಕೊಂಡಿದ್ದೆ. ಮನ್ಯಾಗೂ ಹೇಳಿಲ್ಲ." ಆಮೇಲೆ ಸ್ವೆಟರಿನ ಗುಂಡಿ ಬಿಚ್ಚತೊಡಗಿದರು. ಬೆರಳು ಬೇಗ ಆಡಲಿಲ್ಲ. "ನೋಡ್ರಿ ಒಂದಿಷ್ಟು" ಎಂದು ಕುತ್ತಿಗೆ ಎತ್ತಿ ಕಣ್ಣು ಮುಚ್ಚಿಕೊಂಡರು.

ನಾನು ಹಿಂದೆ ನಿಂತು ಬೆರಳಿಟ್ಟೆ. "ಉಗುಳ ನುಂಗ್ರಿ" ಎಂದೆ. ಗ್ರಂಥಿ ಬೆರಳಿನ ಕೆಳಗೆ ಮೆತ್ತಗೆ ಏರಿ ಇಳಿಯಿತು. ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಸವಿ ಎಲ್ಲ ಬಾಯಲ್ಲಿ ಕಹಿಯಾಯಿತು. ಅಷ್ಟು ನಾಚಿಕೆ ನನಗೆ ಕಂಬಳಿ ಹೊದ್ದಾಗಲೂ ಆಗಿರಲಿಲ್ಲ.

ಅವರು ಆ ದಿನವೇ ದಮ್ಮಿನ ರೋಗಿಗಳನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆದು ಕುತ್ತಿಗೆ ನೋಡಿದರು. ಊದಿದವರಿಗೆ ಔಷಧ ಬಿಡಿಸಿದರು. ತಾವು ಮಾತ್ರ ಬಾಗೇವಾಡಿಗೆ ಬರಲು ಒಪ್ಪಲಿಲ್ಲ. ತನಗಿಂತ ಅರ್ಧ ವಯಸ್ಸಿನ ಹುಡುಗನ ಮುಂದೆ ಹೇಗೆ ಕೂರುವುದು? ನಾನು ಒತ್ತಾಯಿಸಲಿಲ್ಲ.

ಮುಂದೆ ಒಂದು ವಾರಕ್ಕೆ ಬಂದರು. ಮುಂಚೆ ಹೇಳಿಕಳಿಸಲಿಲ್ಲ. ಬಸ್ಸಿಳಿದು, ಟೊಪ್ಪಿಗೆ ಕೈಯಲ್ಲಿ ಹಿಡಿದು, ರೋಗಿಗಳು ಕೂರುವ ಬಾಕಿನ ತುದಿಯಲ್ಲಿ ಕೂತಿದ್ದರು. ಪಾಳಿ ಬಂದಾಗ ನಂಜುಂಡಯ್ಯನವರು ಎದ್ದು ನಿಂತು ಕೈಮುಗಿದರು, ಜೋಶಿಯವರು ಒಳಗೆ ಬಂದು ಕೂತರು. ಡಾಕ್ಟರು ಮೊದಲ ಪ್ರಶ್ನೆ ಕೇಳಿದರು. ಜೋಶಿಯವರು ಬಾಯಿ ತೆರೆದು, ನನ್ನ ಕಡೆ ಒಮ್ಮೆ ನೋಡಿ, ನೆಲ ನೋಡುತ್ತ ಸುಮ್ಮನಾದರು.

ನಾನು ಸೂಜಿ ಕುದಿಸುವ ಪಾತ್ರೆ ಎತ್ತಿಕೊಂಡು ಹೊರಗೆ ಬಂದೆ. ಬಾಗಿಲು ಎಳೆದುಕೊಂಡೆ. ಯಾರೋ ಒಬ್ಬಳು ಕೂಸನ್ನು ಎತ್ತಿಕೊಂಡು, "ನಾ ಒಳಗ ಹೋಗ್ಲೇನ್ರಿ ಬಾಯಾರ?" ಎಂದಳು. "ತಡಿಯವಾ" ಎಂದೆ. ಒಳಗೆ ಮೆಲ್ಲಗೆ, ತಡೆತಡೆದು ಮಾತು ಶುರುವಾದದ್ದು ಕೇಳಿಸಿತು. ಅದು ನನಗೆ ಕೇಳಬಾರದೆಂದು ಪಡಸಾಲೆಯ ಆ ತುದಿಗೆ ಹೋಗಿ ನಿಂತೆ.